ಹರ್ಮನ್ ಸ್ಟೌಡಿಂಗರ್: ಬೃಹದಣುವಿನ ಪ್ರತಿಪಾದಕ

ಪ್ಲಾಸ್ಟಿಕ್ ಬಕೆಟ್ಟು, ನೈಲಾನ್ ಹಗ್ಗ, ಪಾಲಿಯೆಸ್ಟರ್ ಸೀರೆ, ರಬ್ಬರ್ ಚಪ್ಪಲಿ, ಪಿ.ವಿ.ಸಿ. ಕೊಳವೆ, ಇವೆಲ್ಲ ಪಾಲಿಮರ್ ಎಂಬ ಒಂದೇ ಕುಲಕ್ಕೆ ಸೇರಿದವು ಎಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಮುಂಬಯಿ, ಠಾಣೆ, ಪುಣೆಗಳ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರಲ್ಲಿ ಕೆಲವರಂತೂ ಈ ಕುಲದ ಒಳಹೊರಗನ್ನು ಅನುಭವದಿಂದಲೇ ಅರಿತವರು. ಆದರೆ ಈ ವಸ್ತುಗಳ ಇತಿಹಾಸದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಇವುಗಳನ್ನು ತಯಾರಿಸುವ ವಿದ್ಯೆ ಮೊದಲು ಬಂತು. ಇವು ಏನೆಂಬ ತಿಳಿವಳಿಕೆ ಬಹಳ ತಡವಾಗಿ ಬಂತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರನ್ನು ಗಟ್ಟಿಗೊಳಿಸಿದ್ದು 1839ರಲ್ಲಿ. ಸೆಲ್ಯುಲಾಯ್ಡ್ ಮಾರುಕಟ್ಟೆಗೆ ಬಂದದ್ದು 1870ರ ದಶಕದಲ್ಲಿ. ಲಿಯೋ ಬೇಕ್‌ಲ್ಯಾಂಡ್ ಬೇಕಲೈಟನ್ನು ರೂಪಿಸಿದ್ದು 1907ರಲ್ಲಿ. ಇಷ್ಟೆಲ್ಲ ಆದಮೇಲೂ, ರಬ್ಬರಿನ ಒಂದು ಅಣು ಹೇಗಿರುತ್ತದೆ ಎಂದು ಕೇಳಿದರೆ ಯುರೋಪಿನ ಶ್ರೇಷ್ಠ ರಸಾಯನಶಾಸ್ತ್ರಜ್ಞರು ಕೊಡುತ್ತಿದ್ದ ಉತ್ತರ ತಪ್ಪಾಗಿತ್ತು.

ಸರಿಯುತ್ತರವನ್ನು ಹೇಳಿದವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ಅದನ್ನು ಅವರು ಹೇಳಿದ್ದು 1920ರಲ್ಲಿ. ಅದಕ್ಕೆ ನೊಬೆಲ್ ಪುರಸ್ಕಾರ ದೊರೆತದ್ದು 1953ರಲ್ಲಿ. ನಡುವಿನ ಮೂವತ್ತಮೂರು ವರ್ಷಗಳಲ್ಲಿ ಅವರು ಕಂಡ ವಿರೋಧ ಪ್ರಯೋಗಶಾಲೆಗಷ್ಟೇ ಸೀಮಿತವಾಗಿರಲಿಲ್ಲ. ಅವರ ಬದುಕನ್ನೂ ಸಾಧನೆಯನ್ನೂ ಈ ಲೇಖನದಲ್ಲಿ ಪರಿಚಯಿಸಬಯಸುತ್ತೇವೆ.

ಸಸ್ಯಶಾಸ್ತ್ರದ ಆಸೆ, ರಸಾಯನದ ದಾರಿ

ಸ್ಟೌಡಿಂಗರ್ ಹುಟ್ಟಿದ್ದು 1881ರ ಮಾರ್ಚ್ 23ರಂದು, ರೈನ್ ನದಿಯ ದಡದ ವೊರ್ಮ್ಸ್ ನಗರದಲ್ಲಿ. ತಂದೆ ಫ್ರಾಂಜ್ ಸ್ಟೌಡಿಂಗರ್ ಪ್ರೌಢಶಾಲೆಯ ಅಧ್ಯಾಪಕರು, ಕಾಂಟನ ತತ್ತ್ವಪರಂಪರೆಯಲ್ಲಿ ಚಿಂತಿಸಿದ ದಾರ್ಶನಿಕರು, ಸಹಕಾರ ಚಳವಳಿಯಲ್ಲಿ ಆಸಕ್ತರು. ಓದುವ ಮಗ ಕೈಕೆಲಸವನ್ನೂ ಕಲಿಯಬೇಕೆಂದು ಅವರು ಹರ್ಮನ್‌ರನ್ನು ಕೆಲಕಾಲ ಬಡಗಿಯ ಕೆಲಸಕ್ಕೂ ಹಚ್ಚಿದ್ದರು. ಮಗನ ಒಲವು ಸಸ್ಯಶಾಸ್ತ್ರದ ಕಡೆಗಿತ್ತು. ಗಿಡವನ್ನು ಸರಿಯಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರವನ್ನು ಕಲಿ ಎಂಬ ತಂದೆಯ ಸಲಹೆಯಂತೆ ಅವರು ರಸಾಯನವನ್ನು ಆರಿಸಿಕೊಂಡರು. ಪೀಠಿಕೆಯೆಂದು ಹಿಡಿದ ವಿಷಯವೇ ಬಾಳಿನ ಗ್ರಂಥವಾಯಿತು. ಆದರೂ ಸೂಕ್ಷ್ಮದರ್ಶಕ ಮತ್ತು ಸಸ್ಯಲೋಕದ ಮೇಲಿನ ಪ್ರೀತಿ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಹಾಲೆ, ಡಾರ್ಮ್‌ಷ್ಟಾಟ್, ಮ್ಯೂನಿಕ್ ನಗರಗಳಲ್ಲಿ ಓದಿ 1903ರಲ್ಲಿ ಹಾಲೆಯಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಸ್ಟ್ರಾಸ್‌ಬರ್ಗಿನಲ್ಲಿ ಯೋಹಾನೆಸ್ ಥೀಲೆಯವರ ಬಳಿ ಕೆಲಸ ಮಾಡುತ್ತಿದ್ದಾಗ, 1905ರಲ್ಲಿ ಕೀಟೀನ್ ಎಂಬ ಹೊಸ ಸಂಯುಕ್ತಗಳ ವರ್ಗವೊಂದನ್ನು ಕಂಡುಹಿಡಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. 1907ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1912ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ಜೂರಿಚ್‌ನ ಹೆಸರಾಂತ ಇ.ಟಿ.ಎಚ್. ವಿದ್ಯಾಲಯಕ್ಕೆ ರಿಚರ್ಡ್ ವಿಲ್ಸ್ಟಾಟರ್ ಅವರ ಉತ್ತರಾಧಿಕಾರಿಯಾಗಿ ಹೋದರು.

ಜೂರಿಚ್‌ನ ಹದಿನಾಲ್ಕು ವರ್ಷಗಳಲ್ಲಿ ಅವರು ಕೈಯಿಟ್ಟ ವಿಷಯಗಳ ವೈವಿಧ್ಯ ಬೆರಗು ಹುಟ್ಟಿಸುವಂಥದು. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಹೂವಿನಲ್ಲಿರುವ ಕೀಟನಾಶಕ ಸಾರವನ್ನು ಲಿಯೋಪೋಲ್ಡ್ ರುಜಿಚ್ಕಾ ಎಂಬ ಶಿಷ್ಯನೊಡನೆ ವರ್ಷಗಟ್ಟಲೆ ಶೋಧಿಸಿ, ಅದರ ರಚನೆಯ ಮುಖ್ಯಾಂಶಗಳನ್ನು 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಅಮೆರಿಕದಲ್ಲಿ ತಯಾರಾದ ಅಲೆಥ್ರಿನ್ ಆ ಅಡಿಪಾಯದ ಮೇಲೆಯೇ ನಿಂತದ್ದು. ರಾತ್ರಿ ಸೊಳ್ಳೆ ಓಡಿಸಲು ನಾವು ಹಚ್ಚಿಟ್ಟ ಎಷ್ಟೋ ಬತ್ತಿಗಳಲ್ಲಿ, ಬಿಸಿಮಾಡಿದ ಎಷ್ಟೋ ನೀಲಿ ಬಿಲ್ಲೆಗಳಲ್ಲಿ ಇದ್ದದ್ದು ಈ ಅಲೆಥ್ರಿನ್ ವಂಶದ ವಸ್ತುವೇ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಳುಮೆಣಸು ಯುರೋಪಿಗೆ ದುರ್ಲಭವಾದಾಗ ಸ್ಟೌಡಿಂಗರ್ ಕೃತಕ ಮೆಣಸಿನ ಖಾರವನ್ನು ತಯಾರಿಸಿದರು. ಹುರಿದ ಕಾಫಿಯ ಪರಿಮಳದಲ್ಲಿ ಏನೇನಿದೆ ಎಂಬುದನ್ನು ಟಾಡಿಯಸ್ ರೈಕ್‌ಸ್ಟೈನ್ ಎಂಬ ಇನ್ನೊಬ್ಬ ಶಿಷ್ಯನೊಡನೆ ಬಿಡಿಸಿ ನೋಡಿದರು. ಕಾಫಿ, ಮೆಣಸುಗಳ ನಾಡಿನವರಾದ ನಮಗೆ ಈ ಸಾಹಸ ತುಸು ನಗೆ ತರಿಸೀತು. ಚಿಕ್ಕಮಗಳೂರಿನವರು ಕೇಳಿದರೆ, ಅಷ್ಟು ಕಷ್ಟವೇಕೆ, ಒಂದು ಮೂಟೆ ಕಳಿಸುತ್ತಿದ್ದೆವಲ್ಲ ಎಂದಾರು! ಆ ಇಬ್ಬರು ಶಿಷ್ಯರೂ ಮುಂದೆ ನೊಬೆಲ್ ಪುರಸ್ಕೃತರಾದರು: ರುಜಿಚ್ಕಾ 1939ರಲ್ಲಿ ರಸಾಯನಶಾಸ್ತ್ರಕ್ಕೆ, ರೈಕ್‌ಸ್ಟೈನ್ 1950ರಲ್ಲಿ ವೈದ್ಯಶಾಸ್ತ್ರಕ್ಕೆ. ಇಷ್ಟಾದಮೇಲೆ ಒಬ್ಬ ಪ್ರಾಧ್ಯಾಪಕ ಹಾಯಾಗಿ ಅದೇ ದಾರಿಯಲ್ಲಿ ನಡೆದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ರಾಶಿಯೋ ದಂಡೆಯೋ

ಆಗಿನ ತಿಳಿವಳಿಕೆ ಏನಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನೀರಿನ ಅಣುತೂಕ 18, ಸಕ್ಕರೆಯದು 342. ರಸಾಯನಶಾಸ್ತ್ರಜ್ಞರು ಬಲ್ಲ ಅಣುಗಳೆಲ್ಲ ಹೆಚ್ಚುಕಡಿಮೆ ಈ ಗಾತ್ರದವು. ಸಕ್ಕರೆ ಮತ್ತು ಪ್ರೋಟೀನುಗಳ ಮಹಾಪಂಡಿತರಾಗಿದ್ದ ಎಮಿಲ್ ಫಿಷರ್ ಹದಿನೆಂಟು ಅಮೈನೋ ಆಮ್ಲಗಳನ್ನು ಒಂದರ ಬಾಲಕ್ಕೆ ಒಂದನ್ನು ಜೋಡಿಸಿ ತೋರಿಸಿದ್ದರು. ಆದರೂ ಪ್ರಕೃತಿಯಲ್ಲಿ ಅಣುತೂಕ ಸುಮಾರು 5000ವನ್ನು ಮೀರಲಾರದು ಎಂಬುದೇ ಅವರ ಅಭಿಪ್ರಾಯವಾಗಿತ್ತು. ಹಾಗಿದ್ದರೆ ರಬ್ಬರು, ಪಿಷ್ಟ, ಹತ್ತಿಯ ಸೆಲ್ಯುಲೋಸ್, ರೇಷ್ಮೆ ಇವೆಲ್ಲ ಏನು? ಇವು ಆವಿಯಾಗುವುದಿಲ್ಲ, ಅಚ್ಚುಕಟ್ಟಾದ ಹರಳುಗಳಾಗುವುದಿಲ್ಲ, ದ್ರಾವಕದಲ್ಲಿ ಕರಗಿದರೆ ಅಂಟಂಟಾಗುತ್ತವೆ. ಇವು ಚಿಕ್ಕ ಅಣುಗಳೇ, ಯಾವುದೋ ದುರ್ಬಲವಾದ ಆಕರ್ಷಣೆಯಿಂದ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿವೆ ಎಂಬುದು ಸರ್ವಸಮ್ಮತವಾದ ಉತ್ತರ. ರಬ್ಬರಿನ ಅಣು ಎರಡು ಐಸೊಪ್ರೀನ್ ಘಟಕಗಳ ಪುಟ್ಟ ಉಂಗುರವೆಂದು ಕಾರ್ಲ್ ಹ್ಯಾರೀಸ್ ಸಾರಿದ್ದರು. ಉಂಗುರದಲ್ಲಿರುವ ಜೋಡಿಬಂಧಗಳ ಮಿಗುತೆಯ ಸೆಳೆತದಿಂದಾಗಿ ಅಂಥ ನೂರಾರು ಉಂಗುರಗಳು ಒಟ್ಟುಗೂಡುತ್ತವೆ ಎಂಬುದು ಅವರ ವಾದ.

1920ರಲ್ಲಿ ಜರ್ಮನ್ ರಸಾಯನ ಸಂಘದ ಪತ್ರಿಕೆಯಲ್ಲಿ 'ಪಾಲಿಮರೀಕರಣವನ್ನು ಕುರಿತು' ಎಂಬ ಸಾದಾ ಶೀರ್ಷಿಕೆಯಡಿಯಲ್ಲಿ ಸ್ಟೌಡಿಂಗರ್ ಬೇರೆಯದನ್ನೇ ಹೇಳಿದರು. ಇವು ಗುಂಪುಗಳಲ್ಲ, ಸರಪಳಿಗಳು. ನೀರಿನಲ್ಲಿ ಆಮ್ಲಜನಕ ಮತ್ತು ಜಲಜನಕಗಳನ್ನು ಹಿಡಿದಿಟ್ಟಿರುವ ಅದೇ ಬಗೆಯ ಸಾಧಾರಣ ರಾಸಾಯನಿಕ ಬಂಧಗಳಿಂದಲೇ ನೂರಾರು, ಸಾವಿರಾರು ಘಟಕಗಳು ಸಾಲಾಗಿ ಜೋಡಣೆಗೊಂಡಿವೆ. ವಿಶೇಷವಾದ ಯಾವ ಗುಪ್ತ ಆಕರ್ಷಣೆಯನ್ನೂ ಕಲ್ಪಿಸಬೇಕಾಗಿಲ್ಲ ಎಂದರು.

ವ್ಯತ್ಯಾಸವನ್ನು ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಬುಟ್ಟಿಯಲ್ಲಿ ರಾಶಿ ಹಾಕಿದ ಬಿಡಿ ಮಲ್ಲಿಗೆ ಒಂದು, ದಾರದಲ್ಲಿ ಕಟ್ಟಿದ ಮಲ್ಲಿಗೆಯ ದಂಡೆ ಇನ್ನೊಂದು. ದೂರದಿಂದ ಎರಡೂ ಹೂವಿನ ಒಟ್ಟಿಲಿನಂತೆ ಕಾಣುತ್ತವೆ. ಒಂದು ಹೂವನ್ನು ಹಿಡಿದೆತ್ತಿದರೆ ಮೊದಲನೆಯದರಲ್ಲಿ ಒಂದೇ ಹೂವು ಬರುತ್ತದೆ. ಎರಡನೆಯದರಲ್ಲಿ ದಂಡೆಯೇ ಬರುತ್ತದೆ. ಉಪಮೆ ಇಷ್ಟಕ್ಕೇ ಸಾಕು, ಏಕೆಂದರೆ ಅಣುಸರಪಳಿಯಲ್ಲಿ ಪ್ರತ್ಯೇಕವಾದ ದಾರವಿಲ್ಲ. ಹೂವೇ ಹೂವನ್ನು ಹಿಡಿದಿರುತ್ತದೆ.

ಹಿಡಿದೆತ್ತಿ ನೋಡುವ ಪರೀಕ್ಷೆಯನ್ನೂ ಅವರೇ ಮಾಡಿದರು. ಹ್ಯಾರೀಸ್ ಹೇಳುವಂತೆ ಜೋಡಿಬಂಧಗಳ ಸೆಳೆತವೇ ರಬ್ಬರಿನ ಉಂಗುರಗಳನ್ನು ಒಟ್ಟಿಗಿಟ್ಟಿದ್ದರೆ, ಜಲಜನಕವನ್ನು ಕೂಡಿಸಿ ಆ ಜೋಡಿಬಂಧಗಳನ್ನು ಇಲ್ಲವಾಗಿಸಿದಾಗ ಗುಂಪು ಚೆದುರಬೇಕು. ಸುಲಭವಾಗಿ ಆವಿಯಾಗುವ ತೆಳು ದ್ರವವೊಂದು ಉಳಿಯಬೇಕು. 1922ರಲ್ಲಿ ಯಾಕೋಬ್ ಫ್ರಿಟ್ಷಿ ಎಂಬ ವಿದ್ಯಾರ್ಥಿಯೊಡನೆ ಸ್ಟೌಡಿಂಗರ್ ರಬ್ಬರಿಗೆ ಜಲಜನಕವನ್ನು ಕೂಡಿಸಿದರು. ಜೋಡಿಬಂಧಗಳು ಹೋದವು, ರಬ್ಬರಿನ ಸ್ವಭಾವ ಹೋಗಲಿಲ್ಲ. ಉಳಿದದ್ದು ಆವಿಯಾಗದ, ಅಂಟಂಟಾದ, ಮೂಲ ರಬ್ಬರಿನಂತೆಯೇ ನಡೆದುಕೊಳ್ಳುವ ವಸ್ತು. ದಕ್ಷಿಣ ಕನ್ನಡದ ತೋಟಗಳಲ್ಲಿ ಕರಟಕ್ಕೆ ಹನಿಯುವ ಹಾಲಿನ ಒಳಗುಟ್ಟು ಹೀಗೆ ಮೊದಲ ಬಾರಿಗೆ ಬಯಲಾಯಿತು. ಈ ಪ್ರಯೋಗದ ವರದಿಯಲ್ಲಿಯೇ ಅವರು 'ಮ್ಯಾಕ್ರೊಮಾಲಿಕ್ಯೂಲ್' ಎಂಬ ಹೊಸ ಪದವನ್ನು ಟಂಕಿಸಿದರು. ಕನ್ನಡದಲ್ಲಿ ಅದನ್ನು ಬೃಹದಣು ಎನ್ನುತ್ತೇವೆ.

ವಿರೋಧದ ವರ್ಷಗಳು

ಹಿರಿಯ ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ. ಫ್ರೈಬುರ್ಗಿನಲ್ಲಿದ್ದ ಹೈನ್ರಿಖ್ ವೀಲಾಂಡ್ ಸ್ನೇಹದಿಂದಲೇ ಅವರಿಗೆ ಬುದ್ಧಿ ಹೇಳಿದರು: ದೊಡ್ಡ ಅಣುಗಳ ಯೋಚನೆಯನ್ನು ಬಿಟ್ಟುಬಿಡಿ, 5000ಕ್ಕಿಂತ ಹೆಚ್ಚಿನ ಅಣುತೂಕದ ಸಾವಯವ ಅಣುಗಳೇ ಇಲ್ಲ; ನಿಮ್ಮ ರಬ್ಬರನ್ನು ಚೆನ್ನಾಗಿ ಶುದ್ಧಮಾಡಿ, ಅದು ಹರಳಾಗಿ ಚಿಕ್ಕ ಅಣುವೆಂದು ತಾನಾಗಿಯೇ ತೋರಿಸಿಕೊಳ್ಳುತ್ತದೆ. ವೀಲಾಂಡ್ ಸಾಮಾನ್ಯರಲ್ಲ, ಕೆಲವೇ ವರ್ಷಗಳಲ್ಲಿ ನೊಬೆಲ್ ಪಡೆದವರು. ಅಶುದ್ಧ ವಸ್ತುವಿನೊಡನೆ ಹೆಣಗಾಡುವುದು ಕೆಳದರ್ಜೆಯ ರಸಾಯನ ಎಂಬ ತಾತ್ಸಾರವೂ ಆ ಕಾಲದಲ್ಲಿತ್ತು. ಕೀಟೀನಿನಂಥ ಸುಂದರ ಕ್ಷೇತ್ರವನ್ನು ಬಿಟ್ಟು ಈ ಅಂಟುಪದಾರ್ಥಗಳ ಹಿಂದೆ ಬಿದ್ದದ್ದು ಒಳ್ಳೆಯ ರಸಾಯನಜ್ಞನ ಅಧಃಪತನವೆಂಬಂತೆ ಕಾಣಿಸಿತು.

ಎದುರಾಳಿಗಳ ಬಳಿ ಗಟ್ಟಿಯಾದ ವಾದವೊಂದಿತ್ತು ಎಂಬುದನ್ನೂ ನಾವು ಹೇಳಲೇಬೇಕು. ಇಲ್ಲವಾದರೆ ಅವರಿಗೆ ಅನ್ಯಾಯವಾದೀತು. ಸೆಲ್ಯುಲೋಸಿನಂಥ ನಾರುಗಳ ಮೇಲೆ ಕ್ಷಕಿರಣ ಹಾಯಿಸಿದಾಗ, ಅವುಗಳಲ್ಲಿ ಮರುಕಳಿಸುವ ಹರಳಿನ ಮೂಲಕೋಶ ಬಹಳ ಚಿಕ್ಕದೆಂದು ಕಂಡುಬಂತು. ಅಣುವು ಕೋಶಕ್ಕಿಂತ ದೊಡ್ಡದಾಗಿರಲು ಹೇಗೆ ಸಾಧ್ಯ? ಮನೆಗಿಂತ ದೊಡ್ಡ ಪೆಟ್ಟಿಗೆ ಮನೆಯೊಳಗೆ ಹಿಡಿಸೀತೆ? ಈ ಪ್ರಶ್ನೆ ಅಂದು ಸಹಜವೇ ಆಗಿತ್ತು. 1925ರಲ್ಲಿ ಜೂರಿಚ್ ಬಿಡುವ ಮುನ್ನ ಅಲ್ಲಿನ ರಸಾಯನ ಸಂಘದಲ್ಲಿ ಸ್ಟೌಡಿಂಗರ್ ತಮ್ಮ ಸಿದ್ಧಾಂತವನ್ನು ಮಂಡಿಸಿದಾಗ, ಪಾಲ್ ಕಾರರ್, ಖನಿಜಶಾಸ್ತ್ರಜ್ಞ ಪಾಲ್ ನಿಗ್ಲಿ ಮೊದಲಾದ ಘಟಾನುಘಟಿಗಳು ಎದ್ದುನಿಂತು ವಿರೋಧಿಸಿದರು. ಚರ್ಚೆ ಬಿರುಸಾಗಿ ನಡೆದು, ಕೊನೆಗೆ ಸ್ಟೌಡಿಂಗರ್ ಮಾರ್ಟಿನ್ ಲೂಥರನ ಹೆಸರಿನೊಡನೆ ಬೆಸೆದುಕೊಂಡ ಪ್ರಸಿದ್ಧ ಮಾತನ್ನೇ, ತಾನು ನಿಂತಿರುವುದು ಇಲ್ಲಿ, ಬೇರೆ ದಾರಿಯಿಲ್ಲ ಎಂಬರ್ಥದ ಮಾತನ್ನೇ, ಸಭೆಯ ಮುಂದಿಟ್ಟು ಮುಗಿಸಿದರೆಂದು ಅಂದು ಅಲ್ಲಿದ್ದವರು ನೆನೆದಿದ್ದಾರೆ.

ಮರುವರ್ಷ, 1926ರ ಸೆಪ್ಟೆಂಬರಿನಲ್ಲಿ, ಡ್ಯೂಸೆಲ್‌ಡಾರ್ಫಿನಲ್ಲಿ ಜರ್ಮನ್ ವಿಜ್ಞಾನಿಗಳ ಮತ್ತು ವೈದ್ಯರ ಸಮಾವೇಶ ನಡೆಯಿತು. ಮ್ಯಾಕ್ಸ್ ಬೆರ್ಗ್‌ಮನ್ ಮತ್ತು ಹಾನ್ಸ್ ಪ್ರಿಂಗ್ಸ್‌ಹೈಮ್ ಗುಂಪಿನ ವಾದವನ್ನು ಮಂಡಿಸಿದರು. ತರುಣ ಹರ್ಮನ್ ಮಾರ್ಕ್, ಮೂಲಕೋಶ ಚಿಕ್ಕದಾಗಿದ್ದರೂ ಅಣು ದೊಡ್ಡದಾಗಿರಬಹುದು, ಒಂದೇ ಸರಪಳಿ ಅನೇಕ ಕೋಶಗಳನ್ನು ಹಾಯ್ದು ಹೋಗಬಹುದು ಎಂದು ತೋರಿಸಿದರು. ಹಿಂದಿನ ಕ್ಷಕಿರಣದ ಆಕ್ಷೇಪ ಅಲ್ಲಿಗೆ ತನ್ನ ಬಲವನ್ನು ಕಳೆದುಕೊಂಡಿತು. ಸ್ಟೌಡಿಂಗರ್ ತಮ್ಮ ಪ್ರಯೋಗಗಳ ರಾಶಿಯನ್ನೇ ಮುಂದಿಟ್ಟರು. ಕೇಳಿದ ವಿಲ್ಸ್ಟಾಟರ್, ಲಕ್ಷ ಅಣುತೂಕದ ಅಣುವೆಂದರೆ ಸಾವಯವ ರಸಾಯನಜ್ಞನಾದ ತನಗೆ ದಿಗಿಲೇ ಆಗುತ್ತದೆ, ಆದರೂ ಇಂದು ಕೇಳಿದ್ದರಿಂದ ಮೆಲ್ಲಮೆಲ್ಲನೆ ಆ ಕಲ್ಪನೆಗೆ ಒಗ್ಗಿಕೊಳ್ಳಬೇಕಾದೀತು ಎಂಬರ್ಥದ ಮಾತನ್ನಾಡಿದರಂತೆ. ಅದೇ ವರ್ಷ ಸ್ಟೌಡಿಂಗರ್ ಫ್ರೈಬುರ್ಗಿಗೆ ಬಂದರು. ಅಲ್ಲಿ ಅವರು ಏರಿದ್ದು, ಮ್ಯೂನಿಕ್ಕಿಗೆ ತೆರಳಿದ್ದ ವೀಲಾಂಡ್‌ರ ಪೀಠವನ್ನೇ!

ಗಂಜಿಯ ಗಣಿತ

ಫ್ರೈಬುರ್ಗಿನಲ್ಲಿ ಅವರ ಮುಂದಿದ್ದ ಕೆಲಸ, ಸರಪಳಿ ಎಷ್ಟು ಉದ್ದವೆಂದು ಅಳೆಯುವುದು. ಸ್ವೀಡನ್ನಿನ ಸ್ವೆಡ್‌ಬೆರಿ ಅತಿವೇಗದ ಅಪಕೇಂದ್ರ ಯಂತ್ರವನ್ನು ನಿರ್ಮಿಸಿ, ಹಿಮೋಗ್ಲೋಬಿನ್ನಿನ ಅಣುತೂಕ 60,000ಕ್ಕೂ ಮಿಗಿಲೆಂದು ತೋರಿಸಿದ್ದರು. ಅಂಥ ಬೆಲೆಬಾಳುವ ಯಂತ್ರ ಸ್ಟೌಡಿಂಗರ್ ಅವರ ಕೈಗೆಟುಕಲಿಲ್ಲ. ಅವರು ಆಯ್ದುಕೊಂಡದ್ದು ತೀರ ಅಗ್ಗದ ಉಪಾಯ: ಒಂದು ಗಾಜಿನ ಸಣ್ಣ ನಳಿಕೆ ಮತ್ತು ಒಂದು ಗಡಿಯಾರ. ದ್ರಾವಣವೊಂದು ಆ ನಳಿಕೆಯಲ್ಲಿ ಇಳಿಯಲು ಹಿಡಿಯುವ ಕಾಲದಿಂದ ಅದರ ಸ್ನಿಗ್ಧತೆಯನ್ನು ಲೆಕ್ಕಹಾಕುವುದು.

ಇದರ ತತ್ತ್ವ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಕದಡಿದರೆ ನೀರು ನೀರಾಗಿಯೇ ಹರಿಯುತ್ತದೆ. ಅಷ್ಟೇ ಅಕ್ಕಿಹಿಟ್ಟನ್ನು ಹಾಕಿ ಕುದಿಸಿದರೆ ಅದು ಗಂಜಿಯಾಗುತ್ತದೆ. ಪಿಷ್ಟವೂ ಸಕ್ಕರೆಯ ಜಾತಿಯ ಗ್ಲೂಕೋಸ್ ಘಟಕಗಳಿಂದಲೇ ಆದದ್ದು. ಆದರೆ ಬಿಡಿಬಿಡಿಯಾಗಿ ಅಲ್ಲ, ಸರಪಳಿಯಾಗಿ. ಸರಪಳಿ ಉದ್ದವಾದಷ್ಟೂ ದ್ರಾವಣ ದಪ್ಪ. 1930ರ ಹೊತ್ತಿಗೆ ಸ್ಟೌಡಿಂಗರ್ ಸ್ನಿಗ್ಧತೆಗೂ ಅಣುತೂಕಕ್ಕೂ ನೇರವಾದ ಅನುಪಾತವಿದೆಯೆಂಬ ಸೂತ್ರವನ್ನು ಕೊಟ್ಟರು. ಪ್ರಯೋಗಶಾಲೆಗಳಿಗೂ ಕಾರ್ಖಾನೆಗಳಿಗೂ ಅದು ವರವಾಯಿತು. ನಳಿಕೆಯಲ್ಲಿ ದ್ರಾವಣವನ್ನಿಳಿಸಿ ಪಾಲಿಮರಿನ ದರ್ಜೆಯನ್ನು ಅಳೆಯುವ ಪದ್ಧತಿ ಇಂದಿಗೂ ಉಳಿದುಬಂದಿದೆ.

ಇನ್ನೊಂದು ಸೊಗಸಾದ ಪುರಾವೆಯೂ ಇತ್ತು. ಪಿಷ್ಟವನ್ನು ಅಸಿಟೇಟ್ ರೂಪಕ್ಕೆ ಮಾರ್ಪಡಿಸಿ, ಮತ್ತೆ ಪಿಷ್ಟವನ್ನಾಗಿ ಮಾಡಿ, ಪ್ರತಿ ಹಂತದಲ್ಲಿಯೂ ಸರಪಳಿಯ ಘಟಕಗಳ ಸಂಖ್ಯೆ ಬದಲಾಗದೆ ಉಳಿಯುವುದನ್ನು ಅವರು ತೋರಿಸಿದರು. ಗುಂಪಾಗಿದ್ದರೆ ಪ್ರತಿ ದ್ರಾವಕದಲ್ಲಿ, ಪ್ರತಿ ರೂಪದಲ್ಲಿ ಗುಂಪಿನ ಗಾತ್ರ ಬೇರೆಬೇರೆಯಾಗಬೇಕಿತ್ತು. 1932ರಲ್ಲಿ ಈ ಎಲ್ಲ ಸಂಶೋಧನೆಗಳನ್ನು ಒಟ್ಟುಗೂಡಿಸಿ ರಬ್ಬರ್ ಮತ್ತು ಸೆಲ್ಯುಲೋಸ್ ಕುರಿತ ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಅಟ್ಲಾಂಟಿಕ್ಕಿನ ಆಚೆ, ಡ್ಯೂಪಾಂಟ್ ಸಂಸ್ಥೆಯ ವ್ಯಾಲೇಸ್ ಕರೋದರ್ಸ್ ಎದುರು ದಿಕ್ಕಿನಿಂದ ಅದೇ ಊರಿಗೆ ಬಂದು ಸೇರಿದರು. ಗೊತ್ತಿರುವ ಚಿಕ್ಕ ಅಣುಗಳನ್ನು ಗೊತ್ತಿರುವ ಬಂಧಗಳಿಂದ ಒಂದೊಂದಾಗಿ ಜೋಡಿಸಿ ಉದ್ದನೆಯ ಸರಪಳಿಯನ್ನು ಕಟ್ಟಿದರೆ ಸಂದೇಹಕ್ಕೆ ಎಡೆಯೆಲ್ಲಿ? 1935ರಲ್ಲಿ ಆ ದಾರಿಯಲ್ಲಿಯೇ ನೈಲಾನ್ ಹುಟ್ಟಿತು.

ಸರಪಳಿಯ ವಿಷಯದಲ್ಲಿ ಎಲ್ಲರ ಎದುರು ನಿಂತು ಗೆದ್ದ ಸ್ಟೌಡಿಂಗರ್, ಅದರ ಆಕಾರದ ವಿಷಯದಲ್ಲಿ ತಾವೇ ಹಟಮಾರಿಯಾದರು. ಅಣುಗಳು ಪೊರಕೆಯ ಕಡ್ಡಿಗಳಂತೆ ನೆಟ್ಟಗೆ, ಬಿರುಸಾಗಿ ಇರುತ್ತವೆಂಬುದು ಅವರ ನಂಬಿಕೆ. ಬೆಂದ ಶ್ಯಾವಿಗೆಯಂತೆ ಬಳುಕಿ ಸುರುಳಿಯಾಗಿರುತ್ತವೆಂದು ವೆರ್ನರ್ ಕೂನ್, ಮಾರ್ಕ್ ಮೊದಲಾದವರು ಹೇಳಿದಾಗ ಅವರು ಒಪ್ಪಲಿಲ್ಲ. ಅವರ ಸ್ನಿಗ್ಧತೆಯ ಸೂತ್ರಕ್ಕೆ ತಿದ್ದುಪಡಿ ಬೇಕಾಯಿತು; ಇಂದು ಪಠ್ಯಪುಸ್ತಕಗಳಲ್ಲಿರುವುದು ಮಾರ್ಕ್ ಮತ್ತು ಹೌವಿಂಕ್ ಹೆಸರಿನ ತಿದ್ದಿದ ರೂಪ. 1928ರಲ್ಲಿ ಮಾರ್ಕ್ ಮತ್ತು ಕುರ್ಟ್ ಮೇಯರ್ ಸರಪಳಿಯ ಕಲ್ಪನೆಯನ್ನೇ ತುಸು ಮಾರ್ಪಡಿಸಿ ಮಂಡಿಸಿದಾಗಲಂತೂ, ಮೊದಲು ಹೇಳಿದ್ದು ಯಾರು ಎಂಬುದರ ಬಗ್ಗೆ ಅವರು ನಡೆಸಿದ ಜಗಳ ವರ್ಷಗಟ್ಟಲೆ ಎಳೆಯಿತು. ಡ್ಯೂಸೆಲ್‌ಡಾರ್ಫಿನಲ್ಲಿ ಕ್ಷಕಿರಣದ ತೊಡಕನ್ನು ಬಿಡಿಸಿಕೊಟ್ಟಿದ್ದವರೇ ಮಾರ್ಕ್ ಎಂಬುದನ್ನು ನೆನೆದರೆ ಈ ಜಗಳ ಬೇಡವಾಗಿತ್ತು ಎಂದೇ ನಮಗೆ ತೋರುತ್ತದೆ.

ಯುದ್ಧದ ವಿರುದ್ಧ ಲೆಕ್ಕ

ಸ್ಟೌಡಿಂಗರ್ ಒಂಟಿಯಾದದ್ದು ರಸಾಯನದಲ್ಲಿ ಮಾತ್ರವಲ್ಲ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ, ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿದ್ದ ಅವರು ಎರಡೂ ಪಕ್ಷಗಳ ಕೈಗಾರಿಕಾ ಶಕ್ತಿಯನ್ನು ತುಲನೆ ಮಾಡಿ ಲೇಖನ ಬರೆದರು. ಯಂತ್ರಗಳು ನಡೆಸುವ ಯುದ್ಧದಲ್ಲಿ ಗೆಲುವನ್ನು ತೀರ್ಮಾನಿಸುವುದು ಶೌರ್ಯವಲ್ಲ, ತಯಾರಿಕೆಯ ಬಲ. ಜರ್ಮನಿ ಗೆಲ್ಲಲಾರದು, ಸಂಧಿಯೇ ದಾರಿ ಎಂಬುದು ಅವರ ಲೆಕ್ಕದ ಫಲ. 1919ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸಿನ ಪತ್ರಿಕೆಯಲ್ಲಿ ವಿಷಾನಿಲದ ಯುದ್ಧವನ್ನು ಖಂಡಿಸಿ, ಆಧುನಿಕ ತಂತ್ರಜ್ಞಾನ ಯುದ್ಧವನ್ನು ಸರ್ವನಾಶದತ್ತ ಒಯ್ಯುತ್ತಿದೆಯೆಂದು ಎಚ್ಚರಿಸಿದರು. ಜರ್ಮನಿಯ ವಿಷಾನಿಲ ಯೋಜನೆಯ ಮುಂದಾಳಾಗಿದ್ದ ಫ್ರಿಟ್ಸ್ ಹಾಬರ್ ಒಂದು ಕಾಲದಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಅವರ ಸಹೋದ್ಯೋಗಿ. ದೇಶ ಸೋತು ಕುಸಿದಿರುವಾಗ ನೀವು ಬೆನ್ನಿಗೆ ಇರಿದಿರಿ ಎಂಬುದು ಹಾಬರರ ಆಕ್ಷೇಪ. ಆ ವೇಳೆಗೆ ಸ್ಟೌಡಿಂಗರ್ ಸ್ವಿಸ್ ಪೌರತ್ವವನ್ನೂ ಕೋರಿ ಪಡೆದಿದ್ದರು. ಇವೆಲ್ಲವೂ ಕಡತವೊಂದರಲ್ಲಿ ಸೇರಿಕೊಳ್ಳುತ್ತಿದ್ದವು. 1926ರಲ್ಲಿ ಫ್ರೈಬುರ್ಗಿನ ಪೀಠ ದೊರಕುವ ಮೊದಲೇ ಅವರ ದೇಶನಿಷ್ಠೆಯ ಬಗೆಗೆ ಪ್ರಶ್ನೆಗಳೆದ್ದವು. ಸಮಜಾಯಿಷಿ ಕೊಟ್ಟಮೇಲೆಯೇ ನೇಮಕವಾದದ್ದು.

1933ರ ಏಪ್ರಿಲಿನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ದಾರ್ಶನಿಕ ಮಾರ್ಟಿನ್ ಹೈಡೆಗ್ಗರ್ ಫ್ರೈಬುರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ಟೌಡಿಂಗರ್ ರಾಜಕೀಯವಾಗಿ ನಂಬಲರ್ಹರಲ್ಲವೆಂದು ಬಾಡೆನ್ ಸರಕಾರದ ಶಿಕ್ಷಣಾಧಿಕಾರಿಗೆ ಸುಳಿವು ಕೊಟ್ಟವರು ಈ ಹೈಡೆಗ್ಗರರೇ. ರಹಸ್ಯ ಪೊಲೀಸರಾದ ಗೆಸ್ಟಾಪೊ ತನಿಖೆ ಆರಂಭಿಸಿತು. ಹದಿನೈದು ವರ್ಷಗಳ ಹಿಂದಿನ ಕಾಗದಪತ್ರಗಳೆಲ್ಲ ಹೊರಬಂದವು. 1934ರ ಫೆಬ್ರವರಿಯಲ್ಲಿ ಹೈಡೆಗ್ಗರ್ ವರದಿಯನ್ನು ಬರೆದು, ನಿವೃತ್ತಿಗಿಂತ ವಜಾ ಮಾಡುವುದೇ ಸೂಕ್ತವೆಂದರು. ಹೊರದೇಶಗಳಲ್ಲಿ ಗದ್ದಲವಾದೀತೆಂದು ತೋರಿದಾಗ ಮಾರ್ಚಿಯಲ್ಲಿ ತುಸು ಮೆತ್ತಗಾದರು. ಸ್ಟೌಡಿಂಗರ್ ವಿಚಾರಣೆಗೆ ಒಳಗಾಗಿ, ತಮ್ಮ ರಾಜೀನಾಮೆಯನ್ನು ತಾವೇ ಬರೆದು ಸರಕಾರದ ಕೈಗೆ ಕೊಡಬೇಕಾಯಿತು. ಅದನ್ನು ಕಡತದಲ್ಲಿಟ್ಟುಕೊಂಡು, ನಡತೆ ಸರಿಯಿದ್ದರೆ ಬಳಸುವುದಿಲ್ಲ ಎಂದರು. ಕೆಲವು ತಿಂಗಳ ಮೇಲೆ ಆ ಪತ್ರ ಹಿಂದೆ ಬಂತು.

ಅವರು ತಲೆ ಬಾಗಿಸಲಿಲ್ಲವೇ ಎಂದರೆ, ಬಾಗಿಸಿದರು. ಅದೇ 1934ರಲ್ಲಿ ಜರ್ಮನ್ ಜನತೆಗೆ ರಸಾಯನಶಾಸ್ತ್ರದ ಮಹತ್ವವೇನೆಂದು, ಆಳುವವರಿಗೆ ಹಿತವಾಗುವಂತೆ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಮುಂದಿನ ವರ್ಷಗಳಲ್ಲಿ ಮೌನವಾಗಿ ತಮ್ಮ ಪ್ರಯೋಗಶಾಲೆಯಲ್ಲಿ ಉಳಿದರು. ವಿದೇಶಪ್ರವಾಸಕ್ಕೆ ಅನುಮತಿ ದೊರೆಯದಾಯಿತು. 1917ರಲ್ಲಿ ಗಡಿಯಾಚೆಯಿಂದ ದಿಟ್ಟವಾಗಿ ಬರೆದವರೂ 1934ರಲ್ಲಿ ವಿಚಾರಣೆಯ ಕೊಠಡಿಯಲ್ಲಿ ಕುಳಿತವರೂ ಒಬ್ಬರೇ. ಸುರಕ್ಷಿತವಾಗಿ ಕುಳಿತು ಓದುವ ನಾವು ತೀರ್ಪು ಕೊಡಲು ಅವಸರಪಡಬಾರದು. ಹೈಡೆಗ್ಗರರ ಪಾತ್ರ ವಿವರವಾಗಿ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ, ಇತಿಹಾಸಕಾರ ಹ್ಯೂಗೋ ಓಟ್ ಹಳೆಯ ಕಡತಗಳನ್ನು ಶೋಧಿಸಿದಾಗ.

ಮಾಗ್ದಾ ಮತ್ತು ಕೊನೆಯ ವರ್ಷಗಳು

1928ರಲ್ಲಿ ಸ್ಟೌಡಿಂಗರ್ ಲಾಟ್ವಿಯ ಮೂಲದ ಸಸ್ಯವಿಜ್ಞಾನಿ ಮಾಗ್ದಾ ವೊಯ್ಟ್ ಅವರನ್ನು ವಿವಾಹವಾದರು. ಇದು ಅವರ ಎರಡನೆಯ ವಿವಾಹ. ಮಾಗ್ದಾ ಬರಿಯ ಗೃಹಿಣಿಯಾಗಿರಲಿಲ್ಲ. ಸಂಶೋಧನೆಯಲ್ಲಿ ಸಹಭಾಗಿ, ಪ್ರಬಂಧಗಳಲ್ಲಿ ಸಹಲೇಖಕಿ. ಸೂಕ್ಷ್ಮದರ್ಶಕದಲ್ಲಿ ಪಳಗಿದ್ದ ಅವರು ಬೃಹದಣುಗಳ ರಸಾಯನವನ್ನು ಜೀವಕೋಶದ ಬಾಗಿಲಿಗೆ ತಂದು ನಿಲ್ಲಿಸುವ ಕೆಲಸದಲ್ಲಿ ಪತಿಯೊಡನೆ ದುಡಿದರು. ಬಾಲ್ಯದ ಸಸ್ಯಶಾಸ್ತ್ರದ ಆಸೆ ಹೀಗೆ ಸುತ್ತಿಬಳಸಿ ಕೈಗೂಡಿತೆನ್ನಬಹುದು. ಪ್ರೋಟೀನು, ಕಿಣ್ವಗಳು ಕೂಡ ಬೃಹದಣುಗಳೇ, ಜೀವದ ವ್ಯಾಪಾರವೆಲ್ಲ ಅವುಗಳ ರಚನೆಯನ್ನು ಅವಲಂಬಿಸಿದೆ ಎಂದು ಸ್ಟೌಡಿಂಗರ್ 1926ರಷ್ಟು ಹಿಂದೆಯೇ ಸೂಚಿಸಿದ್ದರು. 1947ರಲ್ಲಿ ಆ ಕುರಿತು ಪುಸ್ತಕವನ್ನೇ ಬರೆದರು.

1940ರಲ್ಲಿ ಫ್ರೈಬುರ್ಗಿನಲ್ಲಿ ಬೃಹದಣು ರಸಾಯನಕ್ಕೇ ಮೀಸಲಾದ ಸಂಶೋಧನ ವಿಭಾಗ ಆರಂಭವಾಯಿತು. ಯುರೋಪಿನಲ್ಲಿ ಅಂಥದು ಮೊದಲನೆಯದು. 1944ರ ನವೆಂಬರ್ 27ರ ರಾತ್ರಿ ಬ್ರಿಟಿಷ್ ವಿಮಾನಗಳ ಬಾಂಬುದಾಳಿಯಲ್ಲಿ ನಗರದೊಡನೆ ಅವರ ಪ್ರಯೋಗಶಾಲೆಯೂ ಹಾಳಾಯಿತು. ಯಂತ್ರಗಳು ನಡೆಸುವ ಯುದ್ಧ ಎಲ್ಲಿಗೆ ಮುಟ್ಟುತ್ತದೆಂದು ಕಾಲು ಶತಮಾನದ ಹಿಂದೆ ಬರೆದವರು ಅರವತ್ತಮೂರನೆಯ ವಯಸ್ಸಿನಲ್ಲಿ ಅವಶೇಷಗಳ ನಡುವೆ ಕೆಲಸವನ್ನು ಮರಳಿ ಕಟ್ಟಬೇಕಾಯಿತು. 1947ರಲ್ಲಿ ಬೃಹದಣು ರಸಾಯನಕ್ಕೆಂದೇ ಅವರು ಹೊಸ ಪತ್ರಿಕೆಯೊಂದನ್ನು ಆರಂಭಿಸಿದರು. 1951ರಲ್ಲಿ ನಿವೃತ್ತರಾದರು. ಕೆಲವು ವರ್ಷಗಳ ಅನಂತರ ಆ ಸಂಸ್ಥೆಯ ಹೊಣೆ ಹೊತ್ತವರು ಅವರೊಡನೆ ದುಡಿದಿದ್ದ ಎಲ್ಫ್ರೀಡೆ ಹೂಸೆಮನ್ ಎಂಬ ಮಹಿಳೆ.

1953ರ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆದಾಗ ಸ್ಟೌಡಿಂಗರ್ ಅವರಿಗೆ ಎಪ್ಪತ್ತೆರಡು ವರ್ಷ. ಅಷ್ಟರಲ್ಲಿ ನೈಲಾನ್, ಪಾಲಿಥೀನ್, ಪಾಲಿಯೆಸ್ಟರುಗಳು ಜಗತ್ತನ್ನು ತುಂಬತೊಡಗಿದ್ದವು. ಇಂಗಾಲದ ಸರಪಳಿಯ ಬಂಧ ಸುಲಭವಾಗಿ ಬಿಡುವುದಿಲ್ಲವೆಂಬ ಅವರ ಮಾತಿಗೆ ನಮ್ಮ ನಗರಗಳ ಚರಂಡಿಗಳಲ್ಲಿ ಕೊಳೆಯದೆ ಉಳಿದಿರುವ ಚೀಲಗಳೂ ಒಂದು ಸಾಕ್ಷಿಯೇ, ಅಷ್ಟೇನೂ ಹಿತವಲ್ಲದ ಸಾಕ್ಷಿ. ಅದೇ ವರ್ಷದ ಏಪ್ರಿಲಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ಜೋಡಿಸುರುಳಿಯನ್ನು ಪ್ರಕಟಿಸಿದ್ದರು. ಅದಕ್ಕೆ ಆಧಾರವಾದ, ಲಂಡನ್ನಿನಲ್ಲಿ ತೆಗೆದ ಹೆಸರಾಂತ ಕ್ಷಕಿರಣ ಚಿತ್ರಕ್ಕೆ ಬಳಸಿದ ಡಿ.ಎನ್.ಎ. ಎಳೆ ಬಂದದ್ದು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಿಂದ. ಮುರಿಯದ, ನೀಳವಾದ ಡಿ.ಎನ್.ಎ.ಯನ್ನು ಅತಿ ಎಚ್ಚರದಿಂದ ಬೇರ್ಪಡಿಸಿ, 1950ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಕೇಳಿದವರಿಗೆ ಉದಾರವಾಗಿ ಹಂಚಿದವರು ರುಡಾಲ್ಫ್ ಸಿಗ್ನರ್. ಜೂರಿಚ್‌ನಲ್ಲಿ ಸ್ಟೌಡಿಂಗರರ ವಿದ್ಯಾರ್ಥಿಯಾಗಿದ್ದು, ಅವರ ಹಿಂದೆಯೇ ಫ್ರೈಬುರ್ಗಿಗೆ ಹೋಗಿ ಉದ್ದನೆಯ ಅಣುಗಳನ್ನು ಅಳೆಯುವುದನ್ನು ಕಲಿತವರು ಈ ಸಿಗ್ನರ್.

ಜೂರಿಚ್‌ನಲ್ಲಿ 1919ರಲ್ಲಿ ಜೂಲ್ಸ್ ಮೇಯರ್ ಎಂಬವರೊಡನೆ ಕಂಡುಕೊಂಡ, ಅಜೈಡ್ ಮತ್ತು ಫಾಸ್ಫೀನುಗಳ ನಡುವಣ ಒಂದು ರಾಸಾಯನಿಕ ಕ್ರಿಯೆ ಬಹುಕಾಲ ಪಠ್ಯಪುಸ್ತಕದ ಮೂಲೆಯಲ್ಲಿತ್ತು. 2000ದಲ್ಲಿ ಅಮೆರಿಕದ ಕ್ಯಾರೊಲಿನ್ ಬರ್ಟೋಝಿ ಅದನ್ನು ಮಾರ್ಪಡಿಸಿ ಜೀವಂತ ಕೋಶಗಳ ಮೇಲ್ಮೈಯ ಅಣುಗಳಿಗೆ ಗುರುತು ಹಚ್ಚುವ ವಿಧಾನವನ್ನಾಗಿಸಿದರು. 2022ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

1961ರಲ್ಲಿ ಸ್ಟೌಡಿಂಗರ್ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗಿನಲ್ಲಿ ನಿಧನರಾದರು. ಮಾಗ್ದಾ ಇನ್ನೂ ಮೂರು ದಶಕಗಳ ಕಾಲ ಬದುಕಿದ್ದು 1997ರಲ್ಲಿ ತೀರಿಕೊಂಡರು. 1999ರಲ್ಲಿ ಜರ್ಮನ್ ಮತ್ತು ಅಮೆರಿಕನ್ ರಸಾಯನ ಸಂಘಗಳೆರಡೂ ಸೇರಿ ಫ್ರೈಬುರ್ಗಿನ ಆ ಸಂಸ್ಥೆಯನ್ನು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿ ಫಲಕವನ್ನು ನೆಟ್ಟವು.